ಏಳುವ ಕಾಲನ್ನು ಉಳಿಸಿಕೊಳ್ಳೋಣ



ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ದುಡಿಯದೆ ತಿಂದರೆ ಗಡಿಗೆಯಲ್ಲಿ ಹೂತಿಟ್ಟ ಚಿನ್ನವೂ ಒಂದು ದಿನ ಮುಗಿದುಹೋಗುತ್ತದೆ ಎಂಬುದು ಅದರ ಅರ್ಥ. ಹಣದ ವಿಷಯಕ್ಕೆ ಹೇಳಿದ ಈ ಮಾತು ಮೈಗೂ ಅಷ್ಟೇ ಸಲ್ಲುತ್ತದೆ. ನಮ್ಮ ತೊಡೆ, ಸೊಂಟ, ಮೀನಖಂಡಗಳಲ್ಲಿರುವ ಶಕ್ತಿಯೂ ಒಂದು ಕುಡಿಕೆ ಹೊನ್ನು. ಪ್ರಾಯದಲ್ಲಿ ಹೊಲಗದ್ದೆಯಲ್ಲಿ ದುಡಿದು ತುಂಬಿಸಿದ್ದೇವೆ. ವಯಸ್ಸಾಯಿತೆಂದು ಕೂತುಬಿಟ್ಟರೆ ಅದು ಕರಗುತ್ತದೆ. ಆದರೆ ಹಣಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಈ ಹೊನ್ನನ್ನು ಖರ್ಚು ಮಾಡಿದಷ್ಟೂ ಅದು ಉಳಿಯುತ್ತದೆ. ಅರವತ್ತು, ಎಪ್ಪತ್ತು ದಾಟಿದವರು ಮನೆಯಲ್ಲಿದ್ದುಕೊಂಡೇ ಅದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ತಳಿಯೋ, ಡೆಂಕಣಿಕೋಟೆಯೋ, ಕೆಲಮಂಗಲವೋ, ಬಾಗಲೂರೋ, ನಮ್ಮ ಕಡೆಯ ಯಾವುದಾದರೂ ಒಂದು ಊರಿನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಐವತ್ತು ವರ್ಷದ ಹಿಂದೆ ಆ ಮನೆಯ ಅಜ್ಜಿ ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದರು. ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ಬಗ್ಗಿ ರಂಗೋಲಿ ಬಿಡಬೇಕು. ಬಾವಿಯಿಂದ ನೀರು ಸೇದಬೇಕು. ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸಬೇಕು. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮುದ್ದೆ ತೊಳಸಬೇಕು. ಊಟಕ್ಕೆ ನೆಲಕ್ಕೆ ಕೂರಬೇಕು, ಉಂಡು ಏಳಬೇಕು. ದಿನಕ್ಕೆ ಎಷ್ಟು ಸಲ ಕೂತರೋ, ಎಷ್ಟು ಸಲ ಎದ್ದರೋ ಲೆಕ್ಕವಿಟ್ಟವರಿಲ್ಲ. ವ್ಯಾಯಾಮ ಎಂಬ ಮಾತನ್ನೇ ಕೇಳದ ಆಕೆಗೆ ಮನೆಯೇ ಗರಡಿಮನೆಯಾಗಿತ್ತು.

ಈಗ ರಾಗಿಯನ್ನು ಮಿಲ್ಲಿಗೆ ಹಾಕುತ್ತೇವೆ. ನೀರು ನಲ್ಲಿಯಲ್ಲಿ ಬರುತ್ತದೆ. ಒಲೆ ಕಟ್ಟೆಯ ಮೇಲೇರಿದೆ. ಊಟಕ್ಕೂ ಟಿ.ವಿ.ಗೂ ಪ್ಲಾಸ್ಟಿಕ್ ಕುರ್ಚಿ ಇದೆ. ಹಳೆಯ ಆ ಕಷ್ಟ ಮತ್ತೆ ಬರಲಿ ಎಂದು ಯಾರೂ ಬಯಸುವುದಿಲ್ಲ, ಬಯಸಲೂಬಾರದು. ಆ ದುಡಿತದಲ್ಲಿ ಎಷ್ಟೋ ಹೆಂಗಸರ ಸೊಂಟ ಮುರಿದಿದೆ. ಆದರೆ ಕಷ್ಟದ ಜೊತೆಗೆ ಕೂತು ಏಳುವ ಅಭ್ಯಾಸವೂ ಸದ್ದಿಲ್ಲದೆ ಹೊರಟುಹೋಯಿತು.

ಜೊತೆಗೆ ಮಕ್ಕಳ ಪ್ರೀತಿ ಸೇರಿತು. ಮಗ ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗೆ ಹೋಗುತ್ತಾನೆ, ಇಲ್ಲವೇ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗುತ್ತಾನೆ. ಸೊಸೆ ಗುಲಾಬಿ ತೋಟಕ್ಕೋ ಕಂಪನಿ ಬಸ್ಸಿಗೋ ಹೊರಡುತ್ತಾಳೆ. ಹೊರಡುವ ಮೊದಲು ಇಬ್ಬರೂ ಹೇಳುವ ಮಾತು ಒಂದೇ: "ಅವ್ವಾ, ನೀನು ಇಷ್ಟು ದಿನ ದುಡಿದದ್ದು ಸಾಕು. ಸುಮ್ಮನೆ ಕೂತ್ಕೊ." ತಾತ ಚೊಂಬು ಎತ್ತಲು ಬಗ್ಗಿದರೆ ಮೊಮ್ಮಗಳು ಓಡಿ ಬಂದು ಕಿತ್ತುಕೊಳ್ಳುತ್ತಾಳೆ. ಇದೆಲ್ಲ ಪ್ರೀತಿಯೇ, ಸಂದೇಹವಿಲ್ಲ. ಆದರೆ ಈ ಪ್ರೀತಿ ಹಿರಿಯರ ಕಾಲನ್ನು ನಿಧಾನವಾಗಿ ಕಸಿದುಕೊಳ್ಳುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ.

ಅದು ಒಂದೇ ದಿನದಲ್ಲಿ ಆಗುವುದಲ್ಲ. ಮೊದಲು ಕುರ್ಚಿಯಿಂದ ಏಳುವಾಗ ಕೈಯೂರಬೇಕಾಗುತ್ತದೆ. ಆಮೇಲೆ ಗೋಡೆ ಹಿಡಿಯಬೇಕಾಗುತ್ತದೆ. ಆಮೇಲೆ ಯಾರಾದರೂ ಕೈ ಕೊಡಬೇಕು. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದರೆ ಅಲ್ಲಿಂದ ಮುಂದೆ ಮಂಚವೇ ಗತಿ. ಹಿರಿಯರನ್ನು ಕೇಳಿ ನೋಡಿ. ಸಾವಿಗಿಂತ ಹೆಚ್ಚಾಗಿ ಅವರು ಹೆದರುವುದು, ಕಕ್ಕಸಿಗೆ ಒಬ್ಬರೇ ಹೋಗಿ ಬರಲಾರದ ದಿನ ಬಂದರೆ ಏನು ಗತಿ ಎಂಬುದಕ್ಕೆ. ಆದ್ದರಿಂದ ಇದು ಮೈಕಟ್ಟು ಬೆಳೆಸುವ ಮಾತಲ್ಲ, ಮಾನ ಉಳಿಸಿಕೊಳ್ಳುವ ಮಾತು.

ಕೂತರೆ ಶಕ್ತಿ ಎಷ್ಟು ಬೇಗ ಕರಗುತ್ತದೆ? ಅಮೆರಿಕದ ಸಂಶೋಧಕರು 2007ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಾಗಿದ್ದ ಹನ್ನೆರಡು ಮಂದಿ ಹಿರಿಯರನ್ನು ಅವರ ಒಪ್ಪಿಗೆಯ ಮೇಲೆ ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ್ದರು. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಬರೀ ವಿಶ್ರಾಂತಿ. ಆ ಹತ್ತೇ ದಿನಕ್ಕೆ ಕಾಲುಗಳಲ್ಲಿ ಸರಾಸರಿ ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಜ್ವರ ಬಂದು ಒಂದು ವಾರ ಮಲಗಿದ ತಾತ ಎದ್ದಾಗ ತೂರಾಡುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕರಗಿದ್ದು ಮತ್ತೆ ಬರುತ್ತದೆಯೇ? ಬರುತ್ತದೆ. 1990ರಲ್ಲಿ ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ಎಂಟು ವಾರ ಕಾಲಿಗೆ ಭಾರ ಎತ್ತುವ ಅಭ್ಯಾಸ ಕೊಟ್ಟರು. ಕೊನೆಗೆ ಅಳೆದು ನೋಡಿದರೆ ಅವರ ತೊಡೆಯ ಬಲ ಸರಾಸರಿ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ತೊಂಬತ್ತರಲ್ಲಿ ಆಗುವುದು ಎಪ್ಪತ್ತರಲ್ಲಿ ಆಗದೇ? "ಇನ್ನೇನು, ವಯಸ್ಸಾಯಿತು" ಎಂಬ ಮಾತನ್ನು ಅರ್ಧ ಮಾತ್ರ ನಂಬಬೇಕು. ವಯಸ್ಸಿನಿಂದ ಹೋಗುವುದೂ ಇದೆ, ಕೂತದ್ದರಿಂದ ಹೋಗುವುದೂ ಇದೆ.

ಹೃದಯಕ್ಕೂ ಇದೇ ನ್ಯಾಯ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕೂತು ಓಡಿಸುವ ಚಾಲಕರನ್ನೂ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳನ್ನೂ ಜೆರೆಮಿ ಮಾರಿಸ್ ಎಂಬ ವೈದ್ಯರು ಹೋಲಿಸಿ ನೋಡಿದರು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ದಾರಿ. ಒಬ್ಬ ಕೂತಿದ್ದ, ಒಬ್ಬ ಓಡಾಡುತ್ತಿದ್ದ.

ನಡೆಯಿರಿ ಎಂದು ಡಾಕ್ಟರರು ಹೇಳುತ್ತಾರೆ. ಬಹಳ ಒಳ್ಳೆಯ ಮಾತು, ನಡೆಯಲು ಅನುಕೂಲವಿದ್ದವರು ಖಂಡಿತ ನಡೆಯಬೇಕು. ಆದರೆ ನಮ್ಮ ಸೀಮೆಯ ಕಷ್ಟ ನಮಗೆ ಗೊತ್ತು. ತಳಿ, ಜವಳಗಿರಿ, ಡೆಂಕಣಿಕೋಟೆಯ ಕಾಡಂಚಿನಲ್ಲಿ ರಾಗಿ ಕೊಯ್ಲಿನ ಕಾಲಕ್ಕೆ ಆನೆಗಳು ಇಳಿಯುತ್ತವೆ. ಕತ್ತಲಿರುವಾಗ ಮುಂಜಾನೆ ನಡೆಯಲು ಹೋಗುವುದು ಪ್ರಾಣಕ್ಕೇ ಅಪಾಯ. ಹೊಸೂರು, ಶೂಲಗಿರಿ, ಕೃಷ್ಣಗಿರಿಯ ಹೆದ್ದಾರಿ ಪಕ್ಕದ ಊರುಗಳಲ್ಲಿ ಲಾರಿಗಳ ನಡುವೆ ಮುದುಕರು ರಸ್ತೆ ದಾಟುವುದು ಹೇಗೆ? ಮಾರ್ಗಶಿರದ ಚಳಿಯಲ್ಲಿ ಕೆಲವರಿಗೆ ಉಬ್ಬಸ. ಇಂಥವರು ನಡೆಯಲಾಗಲಿಲ್ಲವೆಂದು ಸುಮ್ಮನೆ ಕೂರಬೇಕಾಗಿಲ್ಲ. ಜಗಲಿ, ನಡುಮನೆ, ಒಂದು ಗಟ್ಟಿ ಕುರ್ಚಿ ಇವಿಷ್ಟಿದ್ದರೆ ಸಾಕು.

ಮೊದಲು ನಿಮ್ಮ ಕುಡಿಕೆಯಲ್ಲಿ ಎಷ್ಟು ಹೊನ್ನಿದೆ ಎಂದು ನೋಡಿಕೊಳ್ಳಿ. ಕುರ್ಚಿಯನ್ನು ಗೋಡೆಗೆ ಆನಿಸಿ. ಪಕ್ಕದಲ್ಲಿ ಯಾರಾದರೂ ಇರಲಿ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಐದು ಸಲ ಕೂರಿ. ಮೊಮ್ಮಗ ಗಡಿಯಾರ ನೋಡಲಿ. ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಇಲ್ಲವೇ ಕೈಯೂರದೆ ಏಳಲಾಗದಿದ್ದರೆ, ಕಾಲಿನ ಬಲ ಕುಂದಿದೆ ಎಂದು ತಿಳಿಯಬೇಕು. ಹೆದರಬೇಡಿ. ಈ ಪರೀಕ್ಷೆಯೇ ಔಷಧಿಯೂ ಹೌದು.

ಮೊದಲನೆಯ ಅಭ್ಯಾಸ ಅದೇ, ಕುರ್ಚಿಯಿಂದ ಏಳುವುದು. ಕಾಲು ಅಗಲಿಸದ ಭಾರವಾದ ಕುರ್ಚಿ ಬೇಕು. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಅದು ಬೇಡ. ಪಾದ ನೆಲಕ್ಕೆ ಊರಿ, ಎದೆ ಸ್ವಲ್ಪ ಮುಂದೆ ಬಾಗಿಸಿ, ಉಸಿರು ಬಿಡುತ್ತಾ ಏಳಿ. ಕೂರುವಾಗ ಧೊಪ್ಪನೆ ಬೀಳಬೇಡಿ, ಮೆಲ್ಲಗೆ ಇಳಿಯಿರಿ. ಆ ಇಳಿಯುವಿಕೆಯಲ್ಲೂ ತೊಡೆಗೆ ಒಳ್ಳೆಯ ಕೆಲಸ. ಮಂಡಿ ನೋವಿರುವವರು ಕಂಬಳಿ ಮಡಚಿ ಹಾಕಿ ಕುರ್ಚಿಯನ್ನು ಎತ್ತರ ಮಾಡಿಕೊಳ್ಳಿ. ಮೊದಲ ವಾರ ಬೆಳಿಗ್ಗೆ ಐದು, ಸಂಜೆ ಐದು. ಮೆಲ್ಲಮೆಲ್ಲಗೆ ಹತ್ತಕ್ಕೆ ಏರಿಸಿ.

ಎರಡನೆಯದು, ಹಿಮ್ಮಡಿ ಎತ್ತುವುದು. ಕಿಟಕಿಯ ಕಂಬಿ ಹಿಡಿದು ನಿಂತು, ಎರಡೂ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ಇಳಿಯಿರಿ. ಹತ್ತು ಸಲ. ಇದು ಮೀನಖಂಡಕ್ಕೆ.

ಮೂರನೆಯದು, ನಿಂತಲ್ಲೇ ನಡೆಯುವುದು. ಒಂದು ಕೈ ಗೋಡೆಯ ಮೇಲಿರಲಿ. ಮಂಡಿಯನ್ನು ಆದಷ್ಟು ಎತ್ತರಕ್ಕೆ ಎತ್ತಿ ಎತ್ತಿ ಹೆಜ್ಜೆ ಹಾಕಿ. ಧಾರಾವಾಹಿಯ ನಡುವೆ ಜಾಹೀರಾತು ಬರುವುದು ಇದಕ್ಕೇ ಎಂದುಕೊಳ್ಳಿ. ಜಾಹೀರಾತು ಮುಗಿಯುವವರೆಗೆ ನಡೆಯಿರಿ.

ನಾಲ್ಕನೆಯದು, ತೂಕ ತಪ್ಪದಂತೆ ನಿಲ್ಲುವುದು. ಬೀಳದಿರಲು ಇದು ಬಹಳ ಮುಖ್ಯ. ಗೋಡೆಯ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ಮುಟ್ಟಿಸಿ, ಹೊಲದ ಬದುವಿನ ಮೇಲೆ ನಡೆದಂತೆ ಹತ್ತು ಹೆಜ್ಜೆ ನಡೆಯಿರಿ. ಆಮೇಲೆ ಕಟ್ಟೆ ಹಿಡಿದು ಒಂದೇ ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ. ಕಾಲು ಬದಲಿಸಿ. ಕೈ ಬಿಟ್ಟು ಸಾಹಸ ಮಾಡಬೇಡಿ.

ಐದನೆಯದು, ತೋಳಿಗೆ. ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ ತೂಗುತ್ತದೆ. ಅದಕ್ಕಿಂತ ಒಳ್ಳೆಯ ಭಾರ ಬೇಕಿಲ್ಲ. ಕೂತುಕೊಂಡು ಮಡಿಲಿನಿಂದ ಭುಜದವರೆಗೆ ಎತ್ತಿ ಇಳಿಸಿ. ಕಷ್ಟವಾದರೆ ಅರ್ಧ ಬಾಟಲಿ ನೀರು ಸಾಕು.

ನಿಲ್ಲಲು ಸಾಧ್ಯವೇ ಇಲ್ಲದವರು ಕೂತಲ್ಲೇ ಒಂದೊಂದು ಕಾಲನ್ನು ಮುಂದಕ್ಕೆ ನೀಟಾಗಿ ಚಾಚಿ ಐದು ಎಣಿಸಿ ಇಳಿಸಲಿ. ಮಂಚದಲ್ಲಿರುವವರು ಪಾದವನ್ನು ಮೇಲೆ ಕೆಳಗೆ ಆಡಿಸಲಿ. ಏನೂ ಮಾಡದಿರುವುದಕ್ಕಿಂತ ಇಷ್ಟಾದರೂ ಮಾಡುವುದು ಮೇಲು.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ, ಅರವತ್ತೈದು ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಹದವಾಗಿ ಮೈ ಆಡಿಸಬೇಕು. ವಾರದಲ್ಲಿ ಎರಡು ದಿನವಾದರೂ ಬಲ ಕೊಡುವ ಅಭ್ಯಾಸ, ಮೂರು ದಿನವಾದರೂ ತೂಕ ತಪ್ಪದಂತೆ ನಿಲ್ಲುವ ಅಭ್ಯಾಸ ಇರಬೇಕು. 150 ನಿಮಿಷವೆಂದರೆ ಗಾಬರಿಯಾಗಬೇಡಿ. ದಿನಕ್ಕೆ ಸುಮಾರು ಇಪ್ಪತ್ತೆರಡು ನಿಮಿಷ. ಒಂದೇ ಸಲ ಬೇಡ, ಬೆಳಿಗ್ಗೆ ಹತ್ತು, ಸಂಜೆ ಹತ್ತು ಎಂದು ಹಂಚಿಕೊಳ್ಳಬಹುದು. ಹದವಾಗಿ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಉಸಿರೇರಿದರೆ ಸಾಕು.

ಅಂಗಳ ಗುಡಿಸುವುದು, ರಾಗಿ ಒಣಹಾಕಿ ಕೈಯಾಡಿಸುವುದು, ಗಿಡಕ್ಕೆ ನೀರು ಹಾಕುವುದು, ಬಟ್ಟೆ ಒಣಗಹಾಕುವುದು ಇವೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು ಒಳ್ಳೆಯ ಕೆಲಸವೇ, ಆದರೆ ಕೂತು ಮಾಡುವ ಕೆಲಸ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರಿ. ಊಟವಾದ ಮೇಲೆ ಹತ್ತು ನಿಮಿಷ ನಡುಮನೆಯಲ್ಲೇ ಅತ್ತಿಂದಿತ್ತ ನಡೆದರೆ ಸಕ್ಕರೆ ಕಾಯಿಲೆಯವರಿಗೆ ಬಹಳ ಪ್ರಯೋಜನ. ದುಡಿಯುವ ಮಾಂಸಖಂಡ ರಕ್ತದ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎಪ್ಪತ್ತರಲ್ಲೂ ಕೂಲಿಗೆ ಹೋಗುವ, ಮನೆಗೆಲಸವೆಲ್ಲ ತಲೆಯ ಮೇಲೆ ಹೊತ್ತ ತಾಯಂದಿರಿಗೆ ಇನ್ನಷ್ಟು ದುಡಿಯಿರಿ ಎಂದು ಹೇಳುತ್ತಿಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತವರ ಸೊಂಟಕ್ಕೆ ಬೇಕಾದದ್ದು ವಿಶ್ರಾಂತಿ. "ಡಾಕ್ಟರೇ ಹೇಳಿದ್ದಾರೆ" ಎಂದು ಅತ್ತೆಯ ಕೈಗೆ ಎಲ್ಲ ಕೆಲಸ ಕೊಟ್ಟುಬಿಡಬಾರದು. ಅಂಥವರಿಗೂ ನಾಲ್ಕನೆಯ ಅಭ್ಯಾಸ, ಅಂದರೆ ತೂಕ ತಪ್ಪದಂತೆ ನಿಲ್ಲುವುದು, ಬೇಕೇಬೇಕು.

ಮಂಡಿ ನೋವಿನ ವಿಷಯ. ಬಂಡಿಯ ಕೀಲು ಸವೆದಂತೆ ಮಂಡಿಯೂ ಉಪಯೋಗಿಸಿದಷ್ಟೂ ಸವೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ತೊಡೆಯ ಮುಂಭಾಗದ ಮಾಂಸಖಂಡ ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ, ನೋವೂ ಇಳಿಯುತ್ತದೆ. ಮೊದಮೊದಲು ಸ್ವಲ್ಪ ಮೈಕೈ ನೋವು ಸಹಜ. ಮರುದಿನವೂ ಮಂಡಿ ಊದಿಕೊಂಡಿದ್ದರೆ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ ಡಾಕ್ಟರರಿಗೆ ತೋರಿಸಿ.

ಮೈ ಆಡಿಸಿದರಷ್ಟೇ ಸಾಲದು, ಮಾಂಸಖಂಡಕ್ಕೆ ಆಹಾರವೂ ಬೇಕು. ನಮ್ಮ ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದಂಶ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಆದರೆ ಮಾಂಸಖಂಡ ಕಟ್ಟುವ ಅಂಶ ರಾಗಿಯಲ್ಲಿ ಕಡಿಮೆ. ಆದ್ದರಿಂದ ಮುದ್ದೆಯ ಜೊತೆಗೆ ಹುರುಳಿ, ಅವರೆ, ಬೇಳೆ ಇರಲಿ. ತಿನ್ನುವವರು ಮೊಟ್ಟೆ ತಿನ್ನಲಿ. ಬರೀ ಕಾಫಿ, ಬ್ರೆಡ್ಡಿನಲ್ಲಿ ರಾತ್ರಿ ಕಳೆಯುವ ಅಭ್ಯಾಸ ಹಿರಿಯರಿಗೆ ಒಳ್ಳೆಯದಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಏನು ತಿನ್ನಬೇಕೆಂದು ಡಾಕ್ಟರರನ್ನು ಕೇಳಬೇಕು.

ಇನ್ನು ಎಚ್ಚರಿಕೆಯ ಮಾತುಗಳು. ಹೃದಯದ ಕಾಯಿಲೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ರಕ್ತದೊತ್ತಡ ಹತೋಟಿಗೆ ಬರದವರು ಡಾಕ್ಟರರನ್ನು ಕೇಳಿಯೇ ಶುರು ಮಾಡಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಮಾಡಬೇಡಿ. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಬಿ.ಪಿ. ಮಾತ್ರೆ ನುಂಗುವವರಿಗೆ ದಿಢೀರನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಬಚ್ಚಲ ಕಲ್ಲಿನ ಪಾಚಿ ತಿಕ್ಕಿಸಿ. ಹೊಸ್ತಿಲ ಬಳಿ ಜಾರುವ ಕಾಲೊರಸು ತೆಗೆಯಿರಿ. ಬಚ್ಚಲ ಗೋಡೆಗೆ ಹಿಡಿಯಲು ಒಂದು ಕಬ್ಬಿಣದ ಕಂಬಿ ಹಾಕಿಸಿ. ಅಭ್ಯಾಸದ ನಡುವೆ ಎದೆನೋವು, ಮಿತಿಮೀರಿದ ಏದುಸಿರು, ತಲೆಸುತ್ತು ಬಂದರೆ ನಿಲ್ಲಿಸಿ ಕೂರಿ. ಎದೆನೋವು ನಿಲ್ಲದಿದ್ದರೆ 108ಕ್ಕೆ ಫೋನು ಮಾಡಿಸಿ.

ಆಸ್ಪತ್ರೆಗೆ ಹೋದಾಗ ನಮಗೆ ಭಾಷೆಯ ಒಂದು ತೊಡಕೂ ಇದೆ. ಸಂತೆಯ ತಮಿಳು ನಮಗೆಲ್ಲ ಬರುತ್ತದೆ, ಕಾಯಿಲೆಯ ತಮಿಳು ಅಷ್ಟಾಗಿ ಬರುವುದಿಲ್ಲ. ಆನೇಕಲ್ಲಿನಿಂದಲೋ ಮಾಲೂರಿನಿಂದಲೋ ಬಂದ ಸೊಸೆಗೆ ಇನ್ನೂ ಕಷ್ಟ. ನರ್ಸಮ್ಮ "ಮುಟ್ಟಿ ವಲಿಕ್ಕುದಾ?" ಎಂದು ಕೇಳಿದರೆ ಏನನ್ನೋ ಮುಟ್ಟಬೇಕೆಂದುಕೊಳ್ಳಬೇಡಿ. ಮುಟ್ಟಿ ಎಂದರೆ ಮಂಡಿ, ಮಂಡಿ ನೋಯುತ್ತದೆಯೇ ಎಂದು ಕೇಳುತ್ತಿದ್ದಾರೆ. "ಕಾಲ್ ಮರತ್ತುಪ್ಪೋಗುದಾ?" ಎಂದರೆ ಮರೆವಿನ ಮಾತಲ್ಲ, ಕಾಲು ಜೋಮು ಹಿಡಿಯುತ್ತದೆಯೇ ಎಂದು. ಏದುಸಿರಿಗೆ "ಮೂಚ್ಚು ವಾಂಗುದು" ಎನ್ನಿ. ಎದೆನೋವಿಗೆ "ನೆಂಜು ವಲಿ" ಎನ್ನಿ. ಈ ನಾಲ್ಕು ಮಾತನ್ನು ಬಾಯಿಪಾಠ ಮಾಡಿಕೊಂಡರೆ ಸಮಯಕ್ಕೆ ಒದಗುತ್ತವೆ.

ಭಾಷೆಯ ಇಂಥದೇ ತೊಡಕು ಒಂದು ಸರ್ಕಾರಿ ಯೋಜನೆಯ ಹೆಸರಿನಲ್ಲೂ ಇದೆ. "ಮಕ್ಕಳೈ ತೇಡಿ ಮರುತ್ತುವಮ್" ಎಂಬ ಹೆಸರು ಕೇಳಿ, ಇದು ಚಿಕ್ಕ ಮಕ್ಕಳಿಗೆ ಸಂಬಂಧಪಟ್ಟದ್ದೆಂದು ಕನ್ನಡದವರು ಸುಮ್ಮನಾಗಿಬಿಡಬಹುದು. ತಮಿಳಿನಲ್ಲಿ ಮಕ್ಕಳ್ ಎಂದರೆ ಜನ. ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ ಎಂದು ಅದರ ಅರ್ಥ. ತಮಿಳುನಾಡು ಸರ್ಕಾರ ಈ ಯೋಜನೆಯನ್ನು 2021ರ ಆಗಸ್ಟ್ 5ರಂದು ಆರಂಭಿಸಿದ್ದು ಬೇರೆಲ್ಲೂ ಅಲ್ಲ, ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೆ ತಲುಪಿಸುವುದು, ಹಾಸಿಗೆ ಹಿಡಿದವರ ಆರೈಕೆ, ನಡೆಯಲಾರದವರಿಗೆ ಮನೆಗೇ ಬಂದು ಫಿಸಿಯೋಥೆರಪಿ ಮಾಡಿಸುವುದು ಇದರಲ್ಲಿ ಸೇರಿದವು. ಪಾರ್ಶ್ವವಾಯು ಬಡಿದವರು, ಬಿದ್ದು ಮೂಳೆ ಮುರಿದವರು ನಿಮ್ಮ ಮನೆಯಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ವಿಚಾರಿಸಿ. ಫಿಸಿಯೋಥೆರಪಿಯವರು ಬಂದ ದಿನ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಕಲಿತುಕೊಳ್ಳಬೇಕು. ಅವರು ಬರುವುದು ಅಪರೂಪಕ್ಕೆ, ಉಳಿದ ದಿನಗಳು ನಮ್ಮ ಕೈಯಲ್ಲೇ ಇರುತ್ತವೆ.

ಕೊನೆಯದಾಗಿ ಮಕ್ಕಳಿಗೂ ಸೊಸೆಯಂದಿರಿಗೂ ಒಂದು ಮಾತು. ತಾತ ಚೊಂಬು ಎತ್ತಲು ಬಗ್ಗಿದರೆ ಓಡಿ ಹೋಗಿ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ನಿಲ್ಲಿ, ಬಿದ್ದರೆ ಹಿಡಿಯಲು ಕೈ ಸಿದ್ಧವಾಗಿರಲಿ, ಎತ್ತುವುದನ್ನು ಅವರೇ ಎತ್ತಲಿ. ಅವ್ವ ಕುರ್ಚಿಯಿಂದ ಏಳುವಾಗ ಥಟ್ಟನೆ ತೋಳು ಹಿಡಿದು ಎಬ್ಬಿಸಬೇಡಿ. ಐದು ಎಣಿಸುವಷ್ಟು ಹೊತ್ತು ಕಾಯಿರಿ. ಕಾಯುವುದು ಸಹಾಯ ಮಾಡುವುದಕ್ಕಿಂತ ಕಷ್ಟ. ಆದರೆ ಆ ಐದು ಎಣಿಕೆಯಲ್ಲಿ ಅವರ ಕಾಲು ಅವರದಾಗಿಯೇ ಉಳಿಯುತ್ತದೆ.

ಹಿರಿಯರೇ, ಈ ಮಾತು ಕೇಳುತ್ತಾ ನೀವು ಈಗ ಕೂತಿರುತ್ತೀರಿ. ರೇಡಿಯೋ ಆರಿಸಲು ಮೊಮ್ಮಗನನ್ನು ಕರೆಯಬೇಡಿ. ಮೆಲ್ಲಗೆ ನೀವೇ ಎದ್ದು ಆರಿಸಿ. ಇವತ್ತಿನ ಲೆಕ್ಕಕ್ಕೆ ಅದು ಒಂದು. ಇನ್ನು ನಾಲ್ಕು ಉಳಿದಿವೆ.